ಮಳೆಗೆ ನಿಂತ ಹಲಗೆ

ಮೈಸೂರಿನಿಂದ ಮಡಿಕೇರಿಯ ಹೆದ್ದಾರಿ ಹಿಡಿದು ಹುಣಸೂರು ದಾಟಿದರೆ, ಪಿರಿಯಾಪಟ್ಟಣಕ್ಕೆ ಮೊದಲು ಕಂಪಲಾಪುರ ಸಿಗುತ್ತದೆ. ರಸ್ತೆಯ ಎರಡೂ ಬದಿ ಅಂಗಡಿಗಳು, ಆಚೆಗೆ ಹೊಗೆಸೊಪ್ಪಿನ ಹೊಲಗಳು, ಹೊಲಗಳ ನಡುವೆ ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್‌ಗಳು, ಊರಲ್ಲೇ ತಂಬಾಕಿನ ಹರಾಜು ಮಾರುಕಟ್ಟೆ. ಇಲ್ಲಿ ಮಳೆ ಎರಡು ಬಗೆಯದು. ಮುಂಗಾರಿಗೆ ಮೊದಲು ಗುಡುಗು ಗಾಳಿಯೊಂದಿಗೆ ಬಂದು ಒಂದೇ ಗಂಟೆಯಲ್ಲಿ ಹೊಡೆದು ಹೋಗುವುದು ಒಂದು. ಜೂನ್ ಕಳೆದ ಮೇಲೆ ಕೊಡಗಿನ ಕಡೆಯಿಂದ ಮೋಡ ಕವಿದು ದಿನಗಟ್ಟಲೆ ಜಿನುಗುವ ಸೋನೆ ಇನ್ನೊಂದು. ಮೊದಲನೆಯದು ಅಂಗಡಿಯ ಬೋರ್ಡನ್ನು ಕೆಳಗೆ ಬೀಳಿಸುತ್ತದೆ. ಬಿದ್ದದ್ದನ್ನು ಎತ್ತಿ ಮತ್ತೆ ಮೊಳೆ ಹೊಡೆಯಬಹುದು. ಎರಡನೆಯದು ಬೋರ್ಡನ್ನು ನಿಂತಲ್ಲೇ ಕೊಲ್ಲುತ್ತದೆ.

ಹಾಗೆ ಸತ್ತ ಬೋರ್ಡನ್ನು ಹತ್ತಿರ ಹೋಗಿ ನೋಡಬೇಕು. ನಡುವಿನ ಅಕ್ಷರಗಳು ಬರೆದ ದಿನದಷ್ಟೇ ಚೆನ್ನಾಗಿರುತ್ತವೆ. ಕೆಟ್ಟಿರುವುದು ಅಂಚು. ಕೆಳಗಿನ ಅಂಚು ಚಹಾಕ್ಕೆ ಅದ್ದಿದ ರಸ್ಕಿನಂತೆ ಉಬ್ಬಿ, ಪದರ ಬಿಟ್ಟು, ಬಣ್ಣವನ್ನು ಒಳಗಿನಿಂದಲೇ ಎತ್ತಿ ಒಡೆದಿರುತ್ತದೆ. ಮೊಳೆ ಹೊಡೆದ ತೂತಿನ ಸುತ್ತಲೂ ಅದೇ ಉಬ್ಬು. ಮಳೆಯ ನೇರ ಪೆಟ್ಟು ತಿಂದ ಮುಖ ಉಳಿದಿದೆ. ಮಳೆ ಮುಗಿದ ಮೇಲೂ ಒಂದು ಹನಿ ಜೋತಾಡುತ್ತಿದ್ದ ಅಂಚು ಹೋಗಿದೆ. ಈ ಅಂಚನ್ನು ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ನೂರು ವರ್ಷ ಹಿಡಿಯಿತು. ಉತ್ತರ ಒಬ್ಬರಿಂದ ಬಂದದ್ದಲ್ಲ, ಒಂದು ಊರಿನಿಂದ ಬಂದದ್ದೂ ಅಲ್ಲ. ಅದರಲ್ಲಿ ಒಂದು ದೊಡ್ಡ ಪಾಲು ಭಾರತದ ಎಂಜಿನಿಯರ್ ಒಬ್ಬರದು, ಇನ್ನೊಂದು ಪಾಲು ನಮ್ಮ ಬೆಂಗಳೂರಿನದು.

ತೆರೆದೇ ಉಳಿದ ಆವಿಯ ಕೊಳಾಯಿ

ಮೊದಲ ಅಧ್ಯಾಯ ನಡೆದದ್ದು ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ. ಅದು ಸಾಮಿಲ್‌ಗಳ ಊರು. ಮರ ಕೊಯ್ದಲ್ಲೆಲ್ಲ ಆಗುವಂತೆ ಅಲ್ಲಿಯೂ ಚಕ್ಕೆ ಚೂರುಗಳು ಗುಡ್ಡೆ ಬೀಳುತ್ತಿದ್ದವು, ಸುಡುವುದೇ ದಾರಿಯಾಗಿತ್ತು. ಥಾಮಸ್ ಎಡಿಸನ್ ಬಳಿ ವರ್ಷಗಟ್ಟಲೆ ದುಡಿದಿದ್ದ ವಿಲಿಯಂ ಎಚ್. ಮೇಸನ್ ಎಂಬ ಎಂಜಿನಿಯರ್‌ಗೆ ಈ ಸುಡುವ ಗುಡ್ಡೆಯನ್ನು ನೋಡಿ ಸಹಿಸಲಾಗಲಿಲ್ಲ. ಅವನು ಚಕ್ಕೆಗಳನ್ನು ಗಟ್ಟಿಯಾದ ಉಕ್ಕಿನ ಪಾತ್ರೆಗೆ ತುಂಬಿ, ಭಾರಿ ಒತ್ತಡದ ಆವಿ ಕೊಟ್ಟು, ಬಾಯಿಯನ್ನು ಥಟ್ಟನೆ ತೆರೆದ. ಫಿರಂಗಿಯಿಂದ ಸಿಡಿದಂತೆ ಹೊರಬಿದ್ದ ಚಕ್ಕೆ ಚಕ್ಕೆಯಾಗಿ ಉಳಿದಿರಲಿಲ್ಲ. ಒಳಗಿನ ಆವಿ ಒಮ್ಮೆಲೇ ಹಿಗ್ಗಿದ್ದರಿಂದ ಮರ ಬಿಡಿಬಿಡಿಯಾಗಿ ಹತ್ತಿಯಂಥ ಕಂದು ನಾರಾಗಿತ್ತು. ಅಕ್ಕಿ ಅರಳಿ ಮಂಡಕ್ಕಿಯಾಗುವ ರೀತಿಯೂ ಹೆಚ್ಚುಕಡಿಮೆ ಇದೇ.

ಮೇಸನ್‌ಗೆ ಬೇಕಾಗಿದ್ದದ್ದು ಗೋಡೆಗೆ ಹಾಕುವ, ಶಾಖ ತಡೆಯುವ ಮೆತ್ತನೆಯ ಹಲಗೆ. ಒದ್ದೆ ನಾರನ್ನು ಹರಡಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ನೋಡುತ್ತಿದ್ದ. 1924ರ ಒಂದು ದಿನ ಊಟಕ್ಕೆ ಹೋದಾಗ ಪ್ರೆಸ್ಸಿನ ಆವಿಯ ಕೊಳಾಯಿ ಪೂರ್ತಿ ಮುಚ್ಚಿರಲಿಲ್ಲ ಎಂದು ಒಂದು ಕತೆ ಹೇಳುತ್ತಾರೆ. ಅವನು ಬರುವಷ್ಟರಲ್ಲಿ ನಾರಿನ ಹಾಸು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಸಿಯಲ್ಲೂ ಒತ್ತಡದಲ್ಲೂ ಬೆಂದಿತ್ತು. ತೆಗೆದು ನೋಡಿದರೆ ಮೆತ್ತನೆಯ ಹಲಗೆ ಇರಲಿಲ್ಲ. ತೆಳ್ಳಗೆ, ಗಟ್ಟಿಯಾಗಿ, ಹೊಳಪಾಗಿ, ಬಡಿದರೆ ಸದ್ದು ಮಾಡುವ ಒಂದು ಫಲಕ ಇತ್ತು. ಅದೇ ಹಾರ್ಡ್‌ಬೋರ್ಡ್.

ಇದಕ್ಕೆ ಅವನು ಒಂದು ತೊಟ್ಟು ಅಂಟನ್ನೂ ಹಾಕಿರಲಿಲ್ಲ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಮರದಲ್ಲೇ ಇರುತ್ತದೆ. ಆವಿಯ ಬಿಸಿಗೆ ಅದು ಮೆದುವಾಗಿ, ಒತ್ತಡಕ್ಕೆ ಹರಿದು, ತಣಿದಾಗ ಮತ್ತೆ ಹಿಡಿದುಕೊಂಡಿತು. ಮರ ತನ್ನನ್ನು ತಾನೇ ಅಂಟಿಸಿಕೊಂಡಿತು. ಒತ್ತುವಾಗ ಆವಿ ಹೊರಹೋಗಲು ಕೆಳಗೆ ತಂತಿಯ ಜಾಲರಿ ಇಡಬೇಕಾಗಿತ್ತು. ನಾವೆಲ್ಲ ಪರೀಕ್ಷೆಗೆ ಒಯ್ಯುತ್ತಿದ್ದ ಕಂದು ಬಣ್ಣದ ಪ್ಯಾಡಿನ ಹಿಂಬದಿ ನೆನಪಿದೆಯೇ? ಒಂದು ಮುಖ ನುಣುಪು, ಇನ್ನೊಂದು ಮುಖ ಬಟ್ಟೆಯ ನೇಯ್ಗೆಯಂಥ ಗೆರೆ ಗೆರೆ. ಆ ಗೆರೆಗಳು ಜಾಲರಿಯ ಗುರುತು. ನಾನು ಮಗುವಾಗಿದ್ದಾಗ ಅದರ ಮೇಲೆ ಪೆನ್ಸಿಲ್ ಉಜ್ಜಿ ಕಾಗದದಲ್ಲಿ ಚಿತ್ರ ತೆಗೆಯುತ್ತಿದ್ದೆ. ಲಾರೆಲ್‌ನ ಆವಿ ಹೊರಟುಹೋದ ದಾರಿಯನ್ನೇ ಕೈಯಲ್ಲಿ ಹಿಡಿದಿದ್ದೇನೆ ಎಂದು ಆಗ ಹೇಗೆ ತಿಳಿಯಬೇಕು?

ಎಣ್ಣೆ ಕುಡಿಸಿ ಬೇಯಿಸಿದರು

ಹಾರ್ಡ್‌ಬೋರ್ಡ್ ಒಳಮನೆಗೆ ಸರಿಹೋಯಿತು. ಹೊರಗೆ ಇಟ್ಟರೆ ಹಳೆಯ ರೋಗವೇ ಬಂತು. ಕಾರಣ ಮರದ ಸ್ವಭಾವದಲ್ಲೇ ಇದೆ. ನಾರಿನ ಗೋಡೆಯೊಳಗೆ ನೀರನ್ನು ಕರೆದು ಕೂರಿಸುವ ಅಸಂಖ್ಯ ಕೊಂಡಿಗಳಿವೆ. ರಸಾಯನಶಾಸ್ತ್ರದಲ್ಲಿ ಅವುಗಳಿಗೆ ಹೈಡ್ರಾಕ್ಸಿಲ್ ಗುಂಪು ಎನ್ನುತ್ತಾರೆ. ನೀರು ಬಂದು ಕೂತಷ್ಟೂ ಗೋಡೆ ದಪ್ಪವಾಗುತ್ತದೆ. ಹಾರ್ಡ್‌ಬೋರ್ಡಿನಲ್ಲಿ ಇದರ ಜೊತೆಗೆ ಇನ್ನೊಂದು ಕಷ್ಟ. ಬಲವಂತವಾಗಿ ಅದುಮಿಟ್ಟ ನಾರು ಒದ್ದೆಯಾದೊಡನೆ ಹಳೆಯ ದಪ್ಪಕ್ಕೆ ಮರಳಲು ಹವಣಿಸುತ್ತದೆ. ಮರದ ಹಲಗೆ ಒಣಗಿದರೆ ಮತ್ತೆ ಕುಗ್ಗುತ್ತದೆ. ನಾರಿನ ಹಲಗೆಯ ಉಬ್ಬು ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ.

1930ರ ದಶಕದಲ್ಲಿ ಇದಕ್ಕೆ ಸಿಕ್ಕ ಮದ್ದು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು. ಒತ್ತಿ ತೆಗೆದ ಹಲಗೆಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಅದು ಒಳಕ್ಕೆ ಇಳಿದ ಮೇಲೆ ಗೂಡಿನಲ್ಲಿ ಗಂಟೆಗಟ್ಟಲೆ ಬೇಯಿಸಿದರು. ಅಗಸೆ ಎಣ್ಣೆ ಒಣಗುವುದು ಎಂದರೆ ನೀರು ಆರಿದಂತೆ ಆರಿಹೋಗುವುದಲ್ಲ. ಗಾಳಿಯ ಆಮ್ಲಜನಕದೊಂದಿಗೆ ಕೂಡಿ, ತನ್ನೊಳಗೇ ಹೆಣೆದುಕೊಂಡು, ಗಟ್ಟಿಯಾಗುವುದು. ಹಲಗೆಯ ಸಂದುಗಳಲ್ಲಿ ಹಾಗೆ ಹೆಣೆದುಕೊಂಡ ಎಣ್ಣೆ ನೀರಿನ ದಾರಿಯನ್ನು ಕಿರಿದು ಮಾಡಿತು, ಹಲಗೆಯ ಗಟ್ಟಿತನವನ್ನೂ ಹೆಚ್ಚಿಸಿತು. ‘ಟೆಂಪರ್ಡ್’ ಹಾರ್ಡ್‌ಬೋರ್ಡ್ ಹುಟ್ಟಿದ್ದು ಹೀಗೆ. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವ ನಮ್ಮ ರೈತರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ. ಹಸಿರೆಲೆ ಬಂಗಾರದ ಬಣ್ಣಕ್ಕೆ ತಿರುಗುವುದೂ ನಿಧಾನವಾಗಿ, ಹದ ತಪ್ಪದಂತೆ ಏರಿಸಿದ ಬಿಸಿಯಿಂದಲೇ.

ಈ ಹಂತದಲ್ಲಿ ಒಂದು ಮಾತು ಖಚಿತವಾಯಿತು. ಮೇಲೆ ಬಳಿದ ಬಣ್ಣ ಗೀರು ಬೀಳುವವರೆಗೆ ಮಾತ್ರ ಕಾಯುತ್ತದೆ. ಒಳಗೆ ಇಳಿದು ಗಟ್ಟಿಯಾದದ್ದು ಹಲಗೆ ಇರುವವರೆಗೂ ಕಾಯುತ್ತದೆ. ಮುಂದೆ ಬಂದ ಶೋಧಗಳೆಲ್ಲ ಈ ಒಂದೇ ಮಾತಿನ ವಿಸ್ತರಣೆ.

ಕುದಿಸಿದರೂ ಬಿಡದ ಅಂಟು

1960ರ ದಶಕದಲ್ಲಿ ಅಮೆರಿಕದಲ್ಲಿ ಹೊಸದೊಂದು ನಾರಿನ ಹಲಗೆ ಬಂತು. ಇಂದು ಬಡಗಿಗಳ ಬಾಯಲ್ಲಿ ಎಂ.ಡಿ.ಎಫ್. ಎಂದೇ ಓಡಾಡುವುದು ಅದೇ. ಒಣ ನಾರಿಗೆ ಅಂಟು ಸೇರಿಸಿ ಒತ್ತಿದ, ಎರಡೂ ಮುಖ ನುಣುಪಾದ, ದಪ್ಪಗೂ ಸಿಗುವ ಹಲಗೆ. ಅಕ್ಷರ ಕೊರೆಯಲು, ಬಣ್ಣ ಹಚ್ಚಲು ಇದಕ್ಕಿಂತ ಒಳ್ಳೆಯ ಮೈ ಸಿಗುವುದಿಲ್ಲ. ಎಳೆಯಿಲ್ಲ, ಗಂಟಿಲ್ಲ. ಆದರೆ ಸಾಧಾರಣ ಎಂ.ಡಿ.ಎಫ್.ನಲ್ಲಿ ಇರುವುದು ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ಅಂಟು. ಅಗ್ಗ, ಬಣ್ಣವಿಲ್ಲ, ಬೇಗ ಗಟ್ಟಿಯಾಗುತ್ತದೆ. ನೀರು ಬಿಸಿಲು ಎರಡೂ ಸೇರಿದಾಗ ಮಾತ್ರ ನಿಧಾನವಾಗಿ ಒಡೆಯುತ್ತದೆ. ಅಂಟು ಸಡಿಲಿದರೆ ಅದುಮಿಟ್ಟ ನಾರು ಎದ್ದು ನಿಲ್ಲುತ್ತದೆ. ಸೋನೆ ಮಳೆಗೆ ಉಬ್ಬಿದ ಬೋರ್ಡುಗಳ ಕತೆಯಲ್ಲಿ ಬಹಳಷ್ಟು ಇದೇ.

ಇದಕ್ಕೆ ಪರಿಹಾರ ಎಂ.ಡಿ.ಎಫ್. ಹುಟ್ಟುವುದಕ್ಕೂ ಮೊದಲೇ ಜಗತ್ತಿನಲ್ಲಿತ್ತು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ಬೇಕಲೈಟ್ ಮಾಡಿದ. ಹಳೆಯ ಮನೆಗಳ ಕರಿಯ ಸ್ವಿಚ್ಚುಗಳು ಅದರವು. 1934ರಲ್ಲಿ ವಾಷಿಂಗ್ಟನ್ ರಾಜ್ಯದ ಪ್ಲೈವುಡ್ ಕಾರ್ಖಾನೆಯೊಂದರ ಜೇಮ್ಸ್ ನೆವಿನ್ ಅದೇ ಕುಲದ ರಾಳದಿಂದ ಪೂರ್ತಿ ನೀರು ತಡೆಯುವ ಪ್ಲೈವುಡ್ ಅಂಟನ್ನು ರೂಪಿಸಿದ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪ್ಲೈವುಡ್ ಮೇಲೆ ಕಾಣುವ ಇಂಗ್ಲಿಷ್ ಅಕ್ಷರಗಳ ಅರ್ಥವೂ ಇಲ್ಲೇ ಇದೆ. ಎಂ.ಆರ್. ಎಂದರೆ ತೇವ ಮಾತ್ರ ತಡೆದೀತು. ಬಿ.ಡಬ್ಲ್ಯು.ಆರ್. ಎಂದರೆ 8 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ಪರೀಕ್ಷಿಸಿದ್ದು. ಬಿ.ಡಬ್ಲ್ಯು.ಪಿ. ಎಂದರೆ 72 ಗಂಟೆ ಕುದಿಸಿದರೂ ಪದರ ಬಿಡದ್ದು. ಬೋರ್ಡು ಮಾಡಿಸುವವರು ಬಣ್ಣದ ಬ್ರಾಂಡ್ ಕೇಳುವ ಮೊದಲು ಕೇಳಬೇಕಾದದ್ದು ಹಲಗೆಯ ಅಂಟು ಯಾವುದು ಎಂದು.

ಸೊಂಟಿ ಕಾಮೇಶಂ ಕಂಡ ಬೆಸುಗೆ

ನೀರನ್ನು ತಡೆದಾಯಿತು ಎಂದುಕೊಂಡರೂ ನೀರಿನ ಹಿಂದೆಯೇ ಬರುವವರು ಇದ್ದಾರೆ: ಬೂಷ್ಟು, ಮರ ಕೊಳೆಸುವ ಶಿಲೀಂಧ್ರ, ಗೆದ್ದಲು. ನಮ್ಮ ಕಡೆ ನೆಲಕ್ಕೆ ನೆಟ್ಟ ಕಂಬದ ಬೋರ್ಡು ಅಕ್ಷರ ಮಾಸುವ ಮೊದಲೇ ಬುಡದಲ್ಲಿ ಟೊಳ್ಳಾಗುತ್ತದೆ. ತಾಮ್ರದ ಸಲ್ಫೇಟ್ ಅಂದರೆ ಮೈಲುತುತ್ತ ಶಿಲೀಂಧ್ರಕ್ಕೆ ವಿಷ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಪಾಷಾಣ ಗೆದ್ದಲಿಗೆ ವಿಷ ಎಂದೂ ಗೊತ್ತಿತ್ತು. ಮರಕ್ಕೆ ಅವನ್ನು ಕುಡಿಸಲೂ ಬರುತ್ತಿತ್ತು. ತೊಡಕು ಇದ್ದದ್ದು ಬೇರೆ ಕಡೆ: ನೀರಿನಲ್ಲಿ ಕರಗಿಸಿ ಒಳಗೆ ಕಳಿಸಿದ್ದು ಮಳೆನೀರಿನಲ್ಲಿ ಕರಗಿ ಹೊರಗೆ ಬರುತ್ತಿತ್ತು. ಮದ್ದು ಒಳಗೆ ಹೋಗುವಾಗ ಕರಗಬೇಕು, ಹೋದ ಮೇಲೆ ಕರಗಬಾರದು. ಒಂದೇ ವಸ್ತುವಿನಿಂದ ಈ ಎರಡನ್ನೂ ಕೇಳುವುದು ಹೇಗೆ?

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮರದ ರಕ್ಷಣೆಯ ಕೆಲಸದಲ್ಲಿದ್ದ ಸೊಂಟಿ ಕಾಮೇಶಂ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಜರ್ಮನಿಯ ಶಿಲೀಂಧ್ರ ವಿಜ್ಞಾನಿ ರಿಚರ್ಡ್ ಫಾಲ್ಕ್ ಜೊತೆಗೂಡಿ ಅವರು ಪಾಷಾಣ ಮತ್ತು ಡೈಕ್ರೋಮೇಟ್ ಬೆರೆಸಿದ ಮದ್ದೊಂದನ್ನು ರೂಪಿಸಿದ್ದರು. ಇಬ್ಬರ ಹೆಸರೂ ಕೂಡಿ ಅದಕ್ಕೆ ‘ಫಾಲ್ಕಾಮೇಶಂ’ ಎಂದಾಯಿತು. 1933ರಲ್ಲಿ ಕಾಮೇಶಂ ಅದಕ್ಕೆ ತಾಮ್ರವನ್ನೂ ಸೇರಿಸಿದರು. ಪಾಷಾಣ ಒಂದು ಪಾಲು, ಮೈಲುತುತ್ತ ಮೂರು ಪಾಲು, ಡೈಕ್ರೋಮೇಟ್ ನಾಲ್ಕು ಪಾಲು. ಪಾಷಾಣ, ತಾಮ್ರ ಎರಡರ ರಾಸಾಯನಿಕ ಸಂಕೇತಗಳನ್ನು ಕೂಡಿಸಿ ಅದಕ್ಕೆ ‘ಆಸ್ಕು’ ಎಂಬ ಹೆಸರು ಬಂತು.

ಇದರ ಜಾಣ್ಮೆ ಇರುವುದು ಮೂರನೆಯ ವಸ್ತುವಿನಲ್ಲಿ. ಡೈಕ್ರೋಮೇಟ್ ಇಲ್ಲಿ ಕಾವಲುಗಾರನಲ್ಲ, ಬೆಸುಗೆಗಾರ. ಮೂರೂ ನೀರಿನಲ್ಲಿ ಕರಗಿ ಒಟ್ಟಿಗೆ ಮರದೊಳಗೆ ಹೋಗುತ್ತವೆ. ಒಳಗೆ ಹೋದ ಮೇಲೆ ಕ್ರೋಮಿಯಂ ಮರದ ಸಕ್ಕರೆ ಅಂಶ ಮತ್ತು ಲಿಗ್ನಿನ್ ಜೊತೆ ವರ್ತಿಸಿ ತನ್ನ ರೂಪ ಬದಲಿಸುತ್ತದೆ. ಬದಲಾಗುವಾಗ ತಾಮ್ರವನ್ನೂ ಪಾಷಾಣವನ್ನೂ ಹಿಡಿದುಕೊಂಡು ನಾರಿಗೇ ಕಟ್ಟಿಹಾಕುತ್ತದೆ. ಆಮೇಲೆ ಮಳೆ ಎಷ್ಟು ಸುರಿದರೂ ಅವು ಸುಲಭವಾಗಿ ಕದಲುವುದಿಲ್ಲ. ಮದ್ದನ್ನು ಹಿಡಿದಿಡಲು ಮರವನ್ನೇ ಕೆಲಸಕ್ಕೆ ಹಚ್ಚಿದ್ದು ಕಾಮೇಶಂ ಅವರ ಶೋಧ. 1938ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮುಂದೆ ಸಿ.ಸಿ.ಎ. ಎಂಬ ಹೆಸರಿನಲ್ಲಿ ಈ ಕುಲದ ಮದ್ದು ಜಗತ್ತಿನಾದ್ಯಂತ ಕರೆಂಟ್ ಕಂಬ, ಬೇಲಿಗೂಟ, ಸೇತುವೆಯ ಮರಗಳನ್ನು ಕಾಯಿತು. ಅಷ್ಟು ಕೋಟಿ ಕಂಬಗಳ ಹಿಂದಿರುವ ಈ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಕೇಳಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇದೇ ಕತೆಯಲ್ಲಿ ಒಂದು ಎಚ್ಚರವೂ ಇದೆ. ಪಾಷಾಣ ಪಾಷಾಣವೇ. 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಬಹುಪಾಲು ಮರಕ್ಕೆ ಇದನ್ನು ಹಾಕುವುದು ನಿಂತಿತು. ಇಂದು ನಾರಿನ ಹಲಗೆಗೆ ಜಿಂಕ್ ಬೋರೇಟ್, ಬೋರಾಕ್ಸ್ ಕುಲದ ಮದ್ದುಗಳು ಬಳಕೆಯಲ್ಲಿವೆ. ಹೊಗೆಸೊಪ್ಪಿನ ನಾಡಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು: ಮದ್ದು ಕುಡಿಸಿದ ಹಳೆಯ ಕಂಬ, ಹಲಗೆಯ ಚೂರುಗಳನ್ನು ಬ್ಯಾರನ್ನಿನ ಒಲೆಗೆ ಒಟ್ಟಬಾರದು, ಸ್ನಾನದ ಹಂಡೆಯ ಒಲೆಗೂ ಹಾಕಬಾರದು. ಮಳೆಗೆ ಬಿಡದ ವಿಷ ಬೆಂಕಿಗೆ ಬಿಡುತ್ತದೆ, ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ.

ತುಮಕೂರು ರಸ್ತೆಯ ಚಾಪೆ

ನಮ್ಮ ರಾಜ್ಯದ ಅಧ್ಯಾಯ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಬರೆದದ್ದು. ಭಾರತೀಯ ಪ್ಲೈವುಡ್ ಕೈಗಾರಿಕಾ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ಎಲ್ಲರ ಬಾಯಲ್ಲಿ ಇಪಿರ್ಟಿ, 1960ರ ದಶಕದ ಆರಂಭದಲ್ಲಿ ಪ್ಲೈವುಡ್ ಉದ್ಯಮದ ಸಹಕಾರಿ ಪ್ರಯೋಗಾಲಯವಾಗಿ ಹುಟ್ಟಿತು. ಕಾಡಿನ ದಿಮ್ಮಿ ಕಡಿಮೆಯಾಗುತ್ತ ಬಂದಾಗ ಅಲ್ಲಿನವರು ಬಿದಿರಿನತ್ತ ತಿರುಗಿದರು. ಬಿದಿರು ಪ್ಲೈವುಡ್ಡಿನ ದಿಮ್ಮಿಯಂತೆ ಹಾಳೆಯಾಗಿ ಸುಲಿಯುವುದಿಲ್ಲ, ಒಳಗೆ ಟೊಳ್ಳು. ಆದರೆ ನಮ್ಮ ಮೇದರು ಅದನ್ನು ಎಂದಿನಿಂದಲೂ ಸೀಳಿ ಹೆಣೆಯುತ್ತ ಬಂದಿದ್ದಾರೆ. ಹೆಣೆದ ಚಾಪೆಗಳನ್ನೇ ಒಂದರ ಮೇಲೊಂದು ಇಟ್ಟು ಒತ್ತಿದರೆ?

ಅಡ್ಡ ಬಂದದ್ದು ಅಂಟು. ಚಾಪೆಯ ಮೈ ಏರುತಗ್ಗು. ಮೇಲೆ ಬಳಿದರೆ ಉಬ್ಬಿನ ಮೇಲೆ ನಿಂತು ತಗ್ಗಿಗೆ ಇಳಿಯುವುದಿಲ್ಲ, ಸೀಳುಗಳು ಒಂದರಡಿ ಒಂದು ಹೋಗುವ ಜಾಗವನ್ನಂತೂ ಮುಟ್ಟುವುದೇ ಇಲ್ಲ. ಹಾಗಾಗಿ ಬಳಿಯುವುದನ್ನು ಬಿಟ್ಟು, ಚಾಪೆಯನ್ನೇ ಫಿನಾಲಿಕ್ ರಾಳದಲ್ಲಿ ಮುಳುಗಿಸಿ ತೆಗೆದರು. ಸೋರಲು ಬಿಟ್ಟು, ಒಣಗಿಸಿ, ಆಮೇಲೆ ಬಿಸಿ ಪ್ರೆಸ್ಸಿಗೆ ಕೊಟ್ಟರು. ರಾಳ ಪ್ರತಿ ಸೀಳಿನ ಸುತ್ತಲೂ ಹರಿದು ಗಟ್ಟಿಯಾಯಿತು. ಗೆದ್ದಲು, ಬೂಷ್ಟಿನ ಮದ್ದನ್ನೂ ಇದೇ ಮುಳುಗಿನ ದಾರಿಯಲ್ಲಿ ಕೊಡಬಹುದಾಯಿತು. 1980ರ ದಶಕದಲ್ಲಿ ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದ (ಐ.ಡಿ.ಆರ್.ಸಿ.) ನೆರವಿನೊಂದಿಗೆ ಹದಗೊಂಡ ಈ ಬಿದಿರುಚಾಪೆ ಹಲಗೆಯಿಂದ ಮುಂದೆ ಮನೆಯ ಮೇಲೆ ಹೊದಿಸುವ ಅಲೆಅಲೆಯಾದ ಚಾವಣಿ ಹಾಳೆಯೂ ಬಂತು. ಬೋರ್ಡಿಗೆ ಒಂದು ಬದಿಯ ಮಳೆ. ಚಾವಣಿಗೆ ನೆತ್ತಿಯ ಮೇಲಿನ ಮಳೆ, ಬಿಸಿಲು ಎರಡೂ. ಅಲ್ಲಿ ನಿಂತ ವಿದ್ಯೆ ಬೋರ್ಡಿಗೆ ನಿಲ್ಲದೇ ಇರುತ್ತದೆಯೇ? ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಬಿದಿರು ಹೆಣೆಯಬಲ್ಲ ಕೈಗಳು ಇನ್ನೂ ಇವೆ. ಅವರ ಚಾಪೆ ಅವರದೇ ಊರಿನ ಅಂಗಡಿಯ ಹೆಸರು ಹೊತ್ತು ನಿಂತರೆ ಅದಕ್ಕಿಂತ ಚೆಂದ ಏನಿದೆ?

ಕೊಂಡಿಯನ್ನೇ ಮುಚ್ಚಿದ ವಿನೆಗರ್

ಇನ್ನೂ ಒಂದು ಹೆಜ್ಜೆ ಆಳಕ್ಕೆ ಹೋದವರಿದ್ದಾರೆ. ನೀರನ್ನು ಕರೆಯುವ ಕೊಂಡಿ ನಾರಿನಲ್ಲೇ ಇರುವಾಗ ಆ ಕೊಂಡಿಗೇ ಮುಚ್ಚಳ ಹಾಕಿದರಾಗದೇ ಎಂದು ಅಮೆರಿಕದ ಮ್ಯಾಡಿಸನ್‌ನ ಅರಣ್ಯೋತ್ಪನ್ನ ಪ್ರಯೋಗಾಲಯದ ಆಲ್ಫ್ರೆಡ್ ಸ್ಟಾಮ್ ಮತ್ತು ಸಂಗಡಿಗರು 1940ರ ದಶಕದಲ್ಲಿ ಪ್ರಯೋಗಕ್ಕೆ ಇಳಿದರು. ವಿನೆಗರ್‌ನ ಆಮ್ಲಕ್ಕೆ ಹತ್ತಿರದ ಬಂಧು ಅಸಿಟಿಕ್ ಆನ್‌ಹೈಡ್ರೈಡ್. ಅದನ್ನು ಮರಕ್ಕೆ ಕುಡಿಸಿ ಬಿಸಿ ಮಾಡಿದಾಗ ನೀರು ಕೂರುವ ಜಾಗದಲ್ಲಿ ಅಸಿಟೈಲ್ ಗುಂಪು ಹೋಗಿ ಕೂತಿತು. ಬಂದ ನೀರಿಗೆ ಜಾಗ ಇಲ್ಲ. ಶಿಲೀಂಧ್ರಕ್ಕೂ ಆ ಮರ ತನ್ನ ಆಹಾರವೆಂದು ಗುರುತೇ ಹತ್ತುವುದಿಲ್ಲ. ಇಲ್ಲಿ ವಿಷವೇ ಬೇಕಾಗಲಿಲ್ಲ. ಪ್ರಯೋಗಾಲಯದಿಂದ ಮಾರುಕಟ್ಟೆಗೆ ಬರಲು ಅರವತ್ತು ವರ್ಷ ಬೇಕಾಯಿತು: 2007ರಲ್ಲಿ ನೆದರ್‌ಲೆಂಡ್ಸ್‌ನ ಆರ್ನೆಮ್‌ನಲ್ಲಿ ಇಂಥ ಮರದ ಕಾರ್ಖಾನೆ ಶುರುವಾಯಿತು. ಅದೇ ಮರದ ನಾರಿನಿಂದ ಮಾಡಿದ ಎಂ.ಡಿ.ಎಫ್. ಈಗ ಹೊರಾಂಗಣದ ಫಲಕಗಳಿಗೆಂದೇ ಸಿಗುತ್ತದೆ. ಬೆಲೆ ನಮ್ಮ ಹಳ್ಳಿಯ ಅಂಗಡಿಗೆ ಎಟಕುವಂಥದ್ದಲ್ಲ. ದಾರಿ ಮಾತ್ರ ತೋರಿಸಿಕೊಟ್ಟಿದೆ.

ಕಡೆಗೆ ಉಳಿಯುವ ಕೈಕೆಲಸ

ಈ ಕತೆ ಈಗ ಹೇಳಬೇಕಾದ್ದಕ್ಕೆ ಕಾರಣವಿದೆ. ಮಧ್ಯದಲ್ಲಿ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕುಂಚ ಕಿತ್ತುಕೊಂಡಿತು. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಹೊಸ ಬೋರ್ಡು ಬರೆಸುವ ಕಾಲ ಇದು. ಬರೆಸುವುದಾದರೆ ಹಲವು ಮಳೆಗಾಲಕ್ಕೆ ನಿಲ್ಲುವಂತೆ ಬರೆಸೋಣ.

ನೂರು ವರ್ಷದ ವಿದ್ಯೆಯನ್ನು ಬಡಗಿಯೂ ಪೇಂಟರೂ ತಮ್ಮ ಕೈಯಿಂದ ಪೂರ್ತಿ ಮಾಡಬೇಕು. ಫಿನಾಲಿಕ್ ಅಂಟಿನ, ಹೊರಾಂಗಣಕ್ಕೆಂದೇ ಮಾಡಿದ ಹಲಗೆ ತನ್ನಿ. ಅಳತೆಗೆ ಕೊಯ್ದು, ತೂತುಗಳನ್ನೂ ಮೊದಲೇ ಕೊರೆದುಬಿಡಿ. ಬಣ್ಣ ಹಚ್ಚಿದ ಮೇಲೆ ಕೊರೆದ ತೂತು ನೀರಿಗೆ ತೆರೆದ ಬಾಗಿಲು. ಚೂಪಾದ ಅಂಚನ್ನು ಉಜ್ಜು ಕಾಗದದಿಂದ ದುಂಡಗೆ ಮಾಡಿ, ಚೂಪಿನ ಮೇಲೆ ಬಣ್ಣ ತೆಳುವಾಗಿ ಜಾರುತ್ತದೆ. ಅಂಚಿಗೂ ತೂತಿನ ಒಳಗೋಡೆಗೂ ತೆಳ್ಳಗಿನ ಪ್ರೈಮರ್ ಅಥವಾ ಎಪಾಕ್ಸಿಯನ್ನು ಅದು ಇನ್ನು ಕುಡಿಯುವುದಿಲ್ಲ ಎನ್ನುವವರೆಗೆ ಎರಡು ಮೂರು ಸಲ ಕುಡಿಸಿ. ಮುಂದಿನ ಮುಖಕ್ಕೆ ಎಷ್ಟು ಕೋಟ್ ಕೊಟ್ಟಿರೋ ಹಿಂದಿನ ಮುಖಕ್ಕೂ ಅಷ್ಟೇ ಕೊಡಿ, ಇಲ್ಲವಾದರೆ ಒಂದು ಕಡೆ ಮಾತ್ರ ತೇವ ಹೀರಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಗೋಡೆಗೆ ಅಂಟಿಸಬೇಡಿ, ಹಿಂದೆ ಗಾಳಿ ಆಡಲಿ. ತಲೆಯ ಮೇಲೆ ತಗಡಿನ ಸಣ್ಣ ಸೂರು ಇರಲಿ. ನೆಲದಲ್ಲಿ ನೆಡುವುದಾದರೆ ಎರಚಲು ಮುಟ್ಟದಷ್ಟು ಎತ್ತರಕ್ಕೆ ಹಲಗೆಯ ಕೆಳ ಅಂಚು ನಿಲ್ಲಲಿ.

ಗಿರಾಕಿ ನೋಡುವುದು ಅಕ್ಷರವನ್ನು. ಅಂಚನ್ನು, ತೂತನ್ನು, ಹಿಂಬದಿಯನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಯಾರೂ ಹೆಚ್ಚು ಕಾಸು ಕೊಡುವುದೂ ಇಲ್ಲ. ಮೇಸನ್, ಕಾಮೇಶಂ, ತುಮಕೂರು ರಸ್ತೆಯ ಆ ಪ್ರಯೋಗಾಲಯದವರು ಕೆಲಸ ಮಾಡಿದ್ದೂ ಹಾಗೆ ಕಾಣದ ಜಾಗದಲ್ಲೇ, ನಾರಿನ ಒಳಗೆ. ಬರುವ ಆಷಾಢದಲ್ಲಿ ಕಂಪಲಾಪುರದ ಬೀದಿಯಲ್ಲಿ ಒಂದು ಬೋರ್ಡಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಹನಿ ಜೋತಾಡುತ್ತಿದ್ದು ಅಂಚು ನುಣುಪಾಗಿಯೇ ಇದ್ದರೆ, ಆ ಬೋರ್ಡು ಬರೆದವರು ಆ ಸಾಲಿಗೇ ಸೇರಿದವರು.